ಎಂಟು ಅಂದುಕೊಂಡೆ, ಐದು ಬಂತು: ಒಂದು ಬ್ಲಾಸ್ಟಾಯ್ಸ್ ಕಾರ್ಡಿನ ಪ್ರಕರಣ ಅಧ್ಯಯನ

ಕಾರ್ಡಿನ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ ಕೊಡುವ ಗ್ರೇಡಿಂಗ್ ಕಂಪನಿಯಿಂದ ವಾಪಸ್ ಬಂದ ಪೊಟ್ಟಣವನ್ನು ಗೆಳೆಯ ನನ್ನ ಮುಂದೆಯೇ ಬಿಚ್ಚಿದ. ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಸ್ಲ್ಯಾಬು, ಅದರೊಳಗೆ ಅವನ ಬ್ಲಾಸ್ಟಾಯ್ಸ್ ಎಂಬ ಪೋಕೆಮಾನ್ ಕಾರ್ಡು. ಮೇಲಿನ ಲೇಬಲ್ಲಿನಲ್ಲಿ 5 ಅಂತ ಇತ್ತು. ಅವನು ಏನೂ ಮಾತಾಡಲಿಲ್ಲ. ಹಿಂದೆ ತಿರುಗಿಸಿ ನೋಡಿದ, ಮತ್ತೆ ಮುಂದೆ ನೋಡಿದ. ಬೇರೆ ಯಾರದ್ದೋ ಕಾರ್ಡು ಬಂದುಬಿಟ್ಟಿದೆಯೇನೋ ಅನ್ನುವ ಹಾಗಿತ್ತು ಅವನ ಮುಖ. ಆಮೇಲೆ, "ನೀನು ಎಂಟು ಅಂದಿದ್ದೆ ಅಲ್ವೇನೋ?" ಅಂದ.

ಹೌದು, ಅಂದಿದ್ದೆ. ಕಳಿಸುವ ಮುಂಚೆ ಆ ಕಾರ್ಡನ್ನು ನೋಡಿದವನು ನಾನೇ. ಒಂದು ಸಂಜೆ ಪೂರ್ತಿ ಕೂತು, ಅಳೆದು, ನೋಟ್‌ಬುಕ್ಕಿನಲ್ಲಿ ಬರೆದು, ಕೊನೆಗೆ "8, ಅದೃಷ್ಟ ಇದ್ದರೆ 9" ಅಂತ ಹೇಳಿದ್ದೆ. ಅಂದಾಜಿನಲ್ಲಿ ಒಂದು ಅಂಕ ಆಚೀಚೆ ಆಗುವುದು ಸಹಜ. ಒಂದೇ ಕಾರ್ಡಿಗೆ ಒಬ್ಬ 8 ಕೊಟ್ಟರೆ ಇನ್ನೊಬ್ಬ 9 ಕೊಡಬಹುದು. ಆದರೆ ಮೂರು ಅಂಕ ತಪ್ಪಿದೆ ಅಂದರೆ ಅದು ಅಭಿಪ್ರಾಯದ ವ್ಯತ್ಯಾಸ ಅಲ್ಲ. ಕಾರ್ಡಿನಲ್ಲಿ ಇರುವ ಏನನ್ನೋ ಒಂದು ನಾನು ನೋಡೇ ಇಲ್ಲ ಅಂತ ಅರ್ಥ. ಅದೇನು, ಯಾಕೆ ಕಣ್ಣಿಗೆ ಬೀಳಲಿಲ್ಲ ಅಂತ ಹುಡುಕುತ್ತಾ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರ್ಡು ಕಳಿಸುವ ಯೋಚನೆಯಲ್ಲಿ ಇರುವವರಿಗೆ ಇದರಿಂದ ಒಂದು ಕಾರ್ಡಾದರೂ ಸರಿಯಾಗಿ ನೋಡುವಂತಾದರೆ ನನಗೆ ಸಂತೋಷ.

ಮೊದಲು ಕಾರ್ಡಿನ ವಿಷಯ. ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್ ಜಪಾನಿನಲ್ಲಿ ಬಂದದ್ದು 1996ರ ಅಕ್ಟೋಬರಿನಲ್ಲಿ. ಅದರ ಇಂಗ್ಲಿಷ್ ಬೇಸ್ ಸೆಟ್ಟನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1999ರ ಜನವರಿಯಲ್ಲಿ ಹೊರತಂದಿತು. ಒಟ್ಟು 102 ಕಾರ್ಡು, ಅದರಲ್ಲಿ ಮೊದಲ 16 ಹೋಲೋ, ಅಂದರೆ ಚಿತ್ರದ ಭಾಗ ಮಿನುಗುವಂಥವು. ಬ್ಲಾಸ್ಟಾಯ್ಸ್ 2ನೇ ನಂಬರಿನದು, ಚಿತ್ರ ಕೆನ್ ಸುಗಿಮೋರಿ ಬರೆದದ್ದು. ಗೆಳೆಯನ ಕಾರ್ಡಿನಲ್ಲಿ ಚಿತ್ರದ ಚೌಕಟ್ಟಿನ ಬಲಕ್ಕೆ ನೆರಳಿನ ಗೆರೆ ಇದೆ, ಫಸ್ಟ್ ಎಡಿಷನ್ ಮುದ್ರೆ ಇಲ್ಲ, ಕೆಳಗಿನ ಕಾಪಿರೈಟ್ ಸಾಲಿನಲ್ಲಿ 1995, 96, 98 ಅಂತ ಇದೆ. ಅಂದರೆ ಇದು ಎಲ್ಲಕ್ಕಿಂತ ಜಾಸ್ತಿ ಅಚ್ಚಾದ ಅನ್‌ಲಿಮಿಟೆಡ್ ಮುದ್ರಣ. ಚಿಕ್ಕವನಿದ್ದಾಗ ಪ್ಯಾಕೆಟ್ಟಿನಿಂದ ತೆಗೆದವನೇ ಪ್ಲಾಸ್ಟಿಕ್ ಪಾಕೆಟ್ಟಿಗೆ ಹಾಕಿ ಬೈಂಡರಿನಲ್ಲಿ ಇಟ್ಟಿದ್ದ. ಆಮೇಲೆ ಆಟಕ್ಕೆ ಅಂತ ಒಂದು ಸಲವೂ ಹೊರಗೆ ತೆಗೆದಿಲ್ಲ. ಈ ಮಾತನ್ನು ಅವನು ನನಗೆ ಕಡಿಮೆ ಅಂದರೂ ಮೂರು ಸಲ ಹೇಳಿದ್ದ, ನಾನೂ ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಕಾರ್ಡು ನೋಡಿದ್ದೆ. ತಪ್ಪು ಅಲ್ಲಿಂದಲೇ ಶುರುವಾಯಿತು ಅಂತ ಈಗ ಅನಿಸುತ್ತದೆ.

ಕಳಿಸುವ ಮುಂಚೆ ನೋಡಿದ್ದು

ನಾನು ಯಾವತ್ತೂ ಅಳತೆಯಿಂದ ಶುರು ಮಾಡುತ್ತೇನೆ. ಪೋಕೆಮಾನ್ ಕಾರ್ಡು 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಅಳತೆ ಕಡಿಮೆ ಬಂದರೆ ಅಂಚನ್ನು ಯಾರೋ ಕತ್ತರಿಸಿರಬಹುದು ಅನ್ನುವ ಅನುಮಾನ ಬರುತ್ತದೆ. ಸವೆದ ಅಂಚನ್ನು ಒಂದು ಕೂದಲೆಳೆಯಷ್ಟು ಕತ್ತರಿಸಿದರೆ ಕಾರ್ಡು ಹೊಸದರ ಹಾಗೆ ಕಾಣುತ್ತದೆ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಪಿಎಸ್‌ಎ ಅನ್ನುವ ಗ್ರೇಡಿಂಗ್ ಕಂಪನಿ 1991ರಲ್ಲಿ ಶುರುವಾದಾಗ ಮೊದಲ ನಂಬರಿನ ಸರ್ಟಿಫಿಕೇಟು ಕೊಟ್ಟದ್ದು ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ, ಟಿ206 ಎಂಬ ಹಳೇ ಸರಣಿಯ ಕಾರ್ಡಿಗೆ. ಗ್ರೇಡು 8. ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಅಂತ ಹರಾಜು ವ್ಯಾಪಾರಿ ಬಿಲ್ ಮಾಸ್ಟ್ರೋ 2013ರಲ್ಲಿ ಮೋಸದ ಪ್ರಕರಣವೊಂದರಲ್ಲಿ ತಪ್ಪೊಪ್ಪಿಕೊಳ್ಳುವಾಗ ಹೇಳಿದ. ಅಷ್ಟು ಪ್ರಸಿದ್ಧವಾದ ಕಾರ್ಡಿನಲ್ಲೇ ಹೀಗಾದ ಮೇಲೆ ಕ್ಯಾಲಿಪರ್ ಹಿಡಿಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬ್ಲಾಸ್ಟಾಯ್ಸ್ ಅಳತೆ ಸರಿ ಇತ್ತು.

ಆಮೇಲೆ ಸೆಂಟರಿಂಗ್, ಅಂದರೆ ಚಿತ್ರ ಕಾರ್ಡಿನ ಸರಿ ನಡುವೆ ಕೂತಿದೆಯಾ ಅನ್ನುವುದು. ಕಾರ್ಡುಗಳನ್ನು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ಕತ್ತರಿಸುವಾಗ ಹಾಳೆ ಸ್ವಲ್ಪ ಸರಿದರೂ ಒಂದು ಕಡೆಯ ಅಂಚುಪಟ್ಟಿ ದಪ್ಪ, ಇನ್ನೊಂದು ಕಡೆಯದು ಸಣ್ಣ. ಹಾಗಾಗಿ ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಕಾರ್ಡಿಗೂ 10 ಸಿಗದೇ ಇರಬಹುದು. ತಪ್ಪು ಕಾರ್ಖಾನೆಯದೋ ನಿಮ್ಮದೋ ಅಂತ ಗ್ರೇಡು ಕೇಳುವುದಿಲ್ಲ. ಇಲ್ಲಿ ಹಳದಿ ಪಟ್ಟಿ ಎಡಕ್ಕೆ 3.4 ಮಿ.ಮೀ., ಬಲಕ್ಕೆ 2.6 ಮಿ.ಮೀ. ಎರಡೂ ಸೇರಿ 6. 3.4 ಅನ್ನು 6ರಿಂದ ಭಾಗಿಸಿದರೆ ಸುಮಾರು ಶೇಕಡಾ 57, ಅಂದರೆ 57/43. ಮೇಲೆ ಕೆಳಗೆ ಅಳೆದರೆ 53/47. ಮುಂಭಾಗಕ್ಕೆ ಪಿಎಸ್‌ಎ ಮೊದಲು 60/40ರವರೆಗೂ 10 ಕೊಡುತ್ತಿತ್ತು. 2025ರಲ್ಲಿ ಅದನ್ನು 55/45ಕ್ಕೆ ಬಿಗಿ ಮಾಡಿತು. ಆ ಲೆಕ್ಕದಲ್ಲಿ ಈ ಕಾರ್ಡು 10ರ ಆಸೆ ಬಿಡಬೇಕು, ಆದರೆ 9ಕ್ಕೆ ಸೆಂಟರಿಂಗಿನಿಂದ ಏನೂ ತೊಂದರೆ ಇಲ್ಲ.

ಮೂಲೆಗಳನ್ನು ಹತ್ತು ಪಟ್ಟು ತೋರಿಸುವ ಭೂತಗನ್ನಡಿಯಲ್ಲಿ ನೋಡಿದೆ. ಮುಂಭಾಗದಲ್ಲಿ ನಾಲ್ಕೂ ಚೆನ್ನಾಗಿದ್ದವು. ಇಲ್ಲಿ ಒಂದು ಮಾತು ಹೇಳಬೇಕು. ಹಳೇ ಪೋಕೆಮಾನ್ ಕಾರ್ಡಿನ ಮುಂದಿನ ಹಳದಿ ಪಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು. ಕಾಗದದ ಒಳಗಿನ ಬಿಳಿ ಹೊರಗೆ ಬಂದರೂ ಹಳದಿಯ ಪಕ್ಕದಲ್ಲಿ ಅದು ಎದ್ದು ಕಾಣುವುದಿಲ್ಲ. ಹಿಂದೆ ತಿರುಗಿಸಿದರೆ ಕಡು ನೀಲಿ. ನೀಲಿ ಶಾಯಿ ಚೂರೇ ಚೂರು ಉದುರಿದರೂ ಬಿಳಿ ಚುಕ್ಕೆ ನಕ್ಷತ್ರದ ಹಾಗೆ ಹೊಳೆಯುತ್ತದೆ. ಇದನ್ನೇ ಎಲ್ಲರೂ ವೈಟನಿಂಗ್ ಅನ್ನುವುದು. ನಮ್ಮ ಕಾರ್ಡಿನ ಹಿಂಭಾಗದಲ್ಲಿ ಕೆಳಗಿನ ಬಲ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಒಂದು, ಮೇಲಿನ ಅಂಚಿನಲ್ಲಿ ಇನ್ನೊಂದು. ನಾನು 9ಕ್ಕಿಂತ 8ರ ಕಡೆ ವಾಲಿದ್ದು ಈ ಎರಡು ಚುಕ್ಕೆಗಳಿಂದ. ಒಂದೆರಡು ಮೂಲೆಯಲ್ಲಿ ತೀರಾ ಸಣ್ಣ ಸವೆತ ಇದ್ದರೂ ಪಿಎಸ್‌ಎ ಮಾನದಂಡದಲ್ಲಿ 8 ಸಿಗುತ್ತದೆ.

ಕೊನೆಗೆ ಮೇಲ್ಮೈ. ಕೋಣೆಯ ದೀಪ ಆರಿಸಿ, ಮೇಜಿನ ದೀಪ ಒಂದನ್ನೇ ಉರಿಸಿ, ಕಾರ್ಡನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತಾ ನೋಡಿದೆ. ಹೋಲೋ ಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ತೆಳು ಗೀರು ಕಾಣಿಸಿತು, ಬ್ಲಾಸ್ಟಾಯ್ಸ್‌ನ ಭುಜದ ಪಕ್ಕದಲ್ಲಿ, ಉದ್ದ ಸುಮಾರು 4 ಮಿ.ಮೀ. ಅದು ಕಾರ್ಖಾನೆಯ ಗೆರೆಯಾ, ಆಮೇಲೆ ಬಿದ್ದ ಗೀರಾ ಅಂತ ಸುಮಾರು ಹೊತ್ತು ನೋಡಿದೆ. ಅಚ್ಚಿನ ಗೆರೆ ಸಾಮಾನ್ಯವಾಗಿ ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿ ಹೋಲೋದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಇದು ನಡುವೆಯೇ ಶುರುವಾಗಿ ನಡುವೆಯೇ ನಿಂತಿತ್ತು, ಹಾಗಾಗಿ ಗೀರು ಅಂತ ಬರೆದುಕೊಂಡೆ. ಇಷ್ಟು ತೆಳು ಗೀರನ್ನು ಕಂಡುಹಿಡಿದೆನಲ್ಲ ಅಂತ ನನ್ನ ಮೇಲೆ ನನಗೆ ನಂಬಿಕೆ ಬಂತು. ಇನ್ನೇನೂ ಉಳಿದಿಲ್ಲ ಅಂತ ನೋಟ್‌ಬುಕ್ಕು ಮುಚ್ಚಿದೆ.

ಗೆಳೆಯ ಬೇರೆ ಪಕ್ಕದಲ್ಲೇ ಕೂತಿದ್ದ. "ಒಂಬತ್ತು ಬಂದೇ ಬರುತ್ತೆ ಕಣೋ, ಕೈಯಲ್ಲಿ ಸರಿಯಾಗಿ ಮುಟ್ಟೂ ಇಲ್ಲ ನಾನು" ಅಂತ ಇದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಇದೆಯಲ್ಲ, ಕಾರ್ಡಿನ ಮಾಲೀಕ ಪಕ್ಕದಲ್ಲಿ ಕೂತಿದ್ದರೆ ಆ ಮುದ್ದು ನೋಡುವವನ ಕಣ್ಣಿಗೂ ಸ್ವಲ್ಪ ಅಂಟಿಕೊಳ್ಳುತ್ತದೆ.

5 ಬಂದ ಮೇಲೆ

ಗ್ರೇಡು ಯಾಕೆ 5 ಅಂತ ಲೇಬಲ್ಲಿನಲ್ಲಿ ಬರೆದಿರಲಿಲ್ಲ. ನಾವು ಕಳಿಸಿದ ಕಂಪನಿ ಒಂದೇ ಅಂಕಿ ಕೊಡುತ್ತದೆ. 1999ರಲ್ಲಿ ಶುರುವಾದ ಬೆಕೆಟ್ ಗ್ರೇಡಿಂಗಿನವರು ಸೆಂಟರಿಂಗ್, ಮೂಲೆ, ಅಂಚು, ಮೇಲ್ಮೈ ಅಂತ ನಾಲ್ಕಕ್ಕೂ ಬೇರೆ ಬೇರೆ ಅಂಕ ಬರೆಯುವ ಪದ್ಧತಿ ತಂದರು. ಅದರಲ್ಲಿ ಎಲ್ಲಿ ಕಡಿಮೆಯಾಯಿತು ಅಂತ ಕಾಣುತ್ತದೆ. ನನ್ನ ಪ್ರಕಾರ ಎಲ್ಲ ಕಂಪನಿಗಳೂ ಕಡೇ ಪಕ್ಷ ಒಂದು ಸಾಲು ಕಾರಣ ಕೊಡಬೇಕು. ಬರೀ ಒಂದು ಅಂಕಿಯಿಂದ ಕಾರ್ಡು ಇಟ್ಟುಕೊಂಡವನು ಏನು ಕಲಿಯಬೇಕು? ಮುಂದಿನ ಸಲವೂ ಅದೇ ತಪ್ಪು ಮಾಡುತ್ತಾನೆ.

ಗೆಳೆಯನ ಮೊದಲ ಅನುಮಾನ, ನೋಡಿದವರು ಅವಸರದಲ್ಲಿ ನೋಡಿದ್ದಾರೆ ಅಂತ. "ಸ್ಲ್ಯಾಬ್ ಒಡೆದು ಇನ್ನೊಂದು ಸಲ ಕಳಿಸೋಣ" ಅಂದ. ಹಾಗೆ ಮಾಡುವವರು ಬಹಳ ಜನ ಇದ್ದಾರೆ, ಕೆಲವರಿಗೆ ಒಂದು ಅಂಕ ಜಾಸ್ತಿ ಬಂದದ್ದೂ ಇದೆ. ಆದರೆ 5 ಮತ್ತು 8ರ ನಡುವಿನ ದೂರ ಅವಸರದಿಂದ ಹುಟ್ಟುವಂಥದ್ದಲ್ಲ. ನಾಲ್ಕು ಅಂಶಗಳಿಗೆ ಸರಾಸರಿ ತೆಗೆದು ಗ್ರೇಡು ಕೊಡುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮೂರು ಅಂಶ ಎಷ್ಟೇ ಚೆನ್ನಾಗಿರಲಿ, ನಾಲ್ಕನೆಯದು ಕೆಟ್ಟಿದ್ದರೆ ಅದೇ ಗ್ರೇಡನ್ನು ಕೆಳಕ್ಕೆ ಎಳೆಯುತ್ತದೆ. ತೆಳುವಾದ ಒಂದು ಮಡಿಕೆಯ ಗುರುತಿದ್ದರೆ ಸಾಕು, ಉಳಿದದ್ದೆಲ್ಲ ಹೊಸದರ ಹಾಗಿದ್ದರೂ ಕಾರ್ಡು 4ರ ಹತ್ತಿರಕ್ಕೆ ಇಳಿಯಬಹುದು. ಹಾಗಾಗಿ ನಾನು ಹುಡುಕಬೇಕಾದದ್ದು ಹತ್ತು ಸಣ್ಣ ತಪ್ಪುಗಳನ್ನಲ್ಲ, ಒಂದು ದೊಡ್ಡದನ್ನು. ಸೆಂಟರಿಂಗ್ ಅಳೆದು ಆಗಿದೆ, ಅದು ರಾತ್ರೋರಾತ್ರಿ ಬದಲಾಗುವುದಿಲ್ಲ. ಮೂಲೆ ಮತ್ತು ಅಂಚು ಸ್ಲ್ಯಾಬಿನ ಒಳಗೂ ಮೊದಲಿನ ಹಾಗೇ ಕಾಣುತ್ತಿದ್ದವು, ಆದ್ದರಿಂದ ದಾರಿಯಲ್ಲಿ ಏಟು ಬಿದ್ದಿಲ್ಲ. ಉಳಿದದ್ದು ಮೇಲ್ಮೈ ಮಾತ್ರ.

ಎರಡು ದಿನ ಆ ಸ್ಲ್ಯಾಬು ನನ್ನ ಮೇಜಿನ ಮೇಲಿತ್ತು. ಅದೇ ದೀಪ, ಅದೇ ಕುರ್ಚಿ, ಅದೇ ಭೂತಗನ್ನಡಿ. ಕಂಡದ್ದು ಅದೇ ತೆಳು ಗೀರು, ಮತ್ತೇನೂ ಇಲ್ಲ. ಮೂರನೇ ದಿನ ದೀಪದ ಪ್ಲಗ್ ಪಾಯಿಂಟು ಬೇರೆ ಕೆಲಸಕ್ಕೆ ಬೇಕಾಗಿ ದೀಪವನ್ನು ಮೇಜಿನ ಆಚೆ ತುದಿಗೆ, ಅಂದರೆ ನನ್ನ ಎದುರಿಗೆ ಇಟ್ಟಿದ್ದೆ. ಸುಮ್ನೆ ಸ್ಲ್ಯಾಬನ್ನು ಕೈಗೆತ್ತಿಕೊಂಡು ಮುಂದಕ್ಕೆ ಬಗ್ಗಿಸಿದೆ. ಕಾರ್ಡಿನ ಎಡ ಅಂಚಿನಿಂದ ಒಳಕ್ಕೆ, ಸರಿಯಾಗಿ ಅರ್ಧ ಎತ್ತರದಲ್ಲಿ, ಚಿತ್ರದ ಚೌಕಟ್ಟು ಮುಗಿಯುವ ಜಾಗದಲ್ಲಿ ಒಂದು ಅಡ್ಡ ನೆರಳು ಬಿತ್ತು. ಇನ್ನೊಂದಿಷ್ಟು ಬಗ್ಗಿಸಿದರೆ ಮಾಯ. ಮತ್ತೆ ವಾಪಸ್ ತಂದರೆ ಅಲ್ಲೇ ಇದೆ.

ಅದು ನೆಗ್ಗು. ಸುಮಾರು 6 ಮಿ.ಮೀ. ಉದ್ದ, 3 ಮಿ.ಮೀ. ಅಗಲ. ಹಳದಿ ಪಟ್ಟಿಯಿಂದ ಶುರುವಾಗಿ ಚಿತ್ರದ ಚೌಕಟ್ಟನ್ನು ದಾಟಿ ಒಳಗೆ ಹೋಗಿದೆ. ಶಾಯಿ ಒಡೆದಿಲ್ಲ, ಬಣ್ಣ ಹೋಗಿಲ್ಲ, ಹೊಳಪೂ ಇದೆ. ಕಾಗದ ಮಾತ್ರ ಒತ್ತಿಹೋಗಿ ಒಂದು ಸಣ್ಣ ಕಾಲುವೆಯ ಹಾಗೆ ತಗ್ಗಾಗಿದೆ. ಅದನ್ನು ನೋಡಿದಾಗ ನನಗೆ ಆದ ಸಂಕಟ ಇನ್ನೂ ನೆನಪಿದೆ. ಅಷ್ಟು ದೊಡ್ಡದು ಇಷ್ಟು ದಿನ ಕಣ್ಣೆದುರಿಗೇ ಇತ್ತು.

ಯಾಕೆ ಕಾಣಲಿಲ್ಲ? ನಾನು ಬಲಗೈಯವನು. ಬರೆಯುವಾಗ ಕೈಯ ನೆರಳು ಹಾಳೆಯ ಮೇಲೆ ಬೀಳಬಾರದು ಅಂತ ದೀಪ ಯಾವಾಗಲೂ ಎಡಕ್ಕೆ ಇರುತ್ತದೆ. ಕಾರ್ಡು ನೋಡುವಾಗಲೂ ಅದು ಅಲ್ಲೇ ಇತ್ತು. ಬೆಳಕು ಎಡದಿಂದ ಬಲಕ್ಕೆ ಹೋಗುತ್ತಿತ್ತು, ನೆಗ್ಗೂ ಎಡದಿಂದ ಬಲಕ್ಕೇ ಇತ್ತು. ತಗ್ಗಿನ ಉದ್ದಕ್ಕೆ ಬೆಳಕು ಹರಿದರೆ ಅದರ ದಡದ ನೆರಳು ಎಲ್ಲೂ ಬೀಳುವುದಿಲ್ಲ. ಉತ್ತ ಹೊಲವನ್ನು ಹೊತ್ತು ಮುಳುಗುವಾಗ ನೋಡಿ. ಸೂರ್ಯ ಸಾಲುಗಳಿಗೆ ಅಡ್ಡವಾಗಿದ್ದರೆ ಒಂದೊಂದು ಸಾಲೂ ಕಪ್ಪಗೆ ಎಣಿಸುವ ಹಾಗೆ ಕಾಣುತ್ತದೆ. ಸಾಲಿನ ನೇರಕ್ಕೆ ಇದ್ದರೆ ಹೊಲ ಮಟ್ಟಸ ಅನಿಸುತ್ತದೆ. ನಾನು ಮೇಲಿನಿಂದ ಕೆಳಕ್ಕೆ ಇದ್ದ ಗೀರನ್ನು ಹಿಡಿದದ್ದೂ ಇದೇ ಕಾರಣಕ್ಕೆ, ಅದು ಬೆಳಕಿಗೆ ಅಡ್ಡವಾಗಿತ್ತು. ಅಂದರೆ ನಾನು ಕಾರ್ಡಿನ ಅರ್ಧ ದೋಷಗಳನ್ನು ಮಾತ್ರ ಹುಡುಕುವ ಹಾಗೆ ಕೂತಿದ್ದೆ.

ಇನ್ನೊಂದು ಕಾರಣ ಹೋಲೋ. ಹೋಲೋ ಕಾರ್ಡು ಕೈಗೆ ಬಂದರೆ ಕಣ್ಣು ತಾನಾಗಿ ಆ ಮಿನುಗುವ ಚೌಕದ ಕಡೆ ಹೋಗುತ್ತದೆ. ಗೀರೂ ಜಾಸ್ತಿ ಅಲ್ಲೇ ಇರುವುದರಿಂದ ಅದು ತಪ್ಪಲ್ಲ. ಆದರೆ ಆ ಹೊಳಪಿನ ಮುಂದೆ ಪಕ್ಕದ ಹಳದಿ ಪಟ್ಟಿಯನ್ನು ಮತ್ತು ಕೆಳಗಿನ ಅಕ್ಷರದ ಭಾಗವನ್ನು ನಾನು ಅರ್ಧ ನಿಮಿಷವೂ ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಹೋಲೋ ಬಗ್ಗೆ ಏಳು ಸಾಲು ಇದೆ, ಉಳಿದ ಮುಂಭಾಗಕ್ಕೆ "ಚೆನ್ನಾಗಿದೆ" ಅಂತ ಒಂದೇ ಮಾತು.

ಬೈಂಡರು

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ನಂಬಲಿಲ್ಲ. ಪ್ಯಾಕೆಟ್ಟಿನಿಂದ ಸೀದಾ ಪಾಕೆಟ್ಟಿಗೆ ಹೋದ ಕಾರ್ಡಿಗೆ ನೆಗ್ಗು ಎಲ್ಲಿಂದ ಬರುತ್ತದೆ ಅನ್ನುವುದು ಅವನ ಪ್ರಶ್ನೆ. ಕಂಪನಿಯವರೇ ಏನೋ ಮಾಡಿದ್ದಾರೆ ಅಂತ ಅವನಿಗೆ ಅನಿಸಿತು. ಅವನ ಅನುಮಾನ ಸುಳ್ಳು ಅಂತ ಹೇಳುವುದಕ್ಕೂ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಕಳಿಸುವ ಮುಂಚೆ ತೆಗೆದ ಫೋಟೋ ಎಲ್ಲವೂ ಅದೇ ಎಡಗಡೆಯ ಬೆಳಕಿನಲ್ಲಿ ತೆಗೆದದ್ದು. "ಆ ಬೈಂಡರ್ ತಗೊಂಡು ಬಾ" ಅಂದೆ.

ತಂದ. ಮೂರು ರಿಂಗಿನ ದಪ್ಪ ಬೈಂಡರು, ಒಂಬತ್ತು ಪಾಕೆಟ್ಟಿನ ಹಾಳೆಗಳು. ಬೈಂಡರಿನ ಹೊಟ್ಟೆ ಹಿಡಿಯುವುದಕ್ಕಿಂತ ಜಾಸ್ತಿ ಹಾಳೆ ತುಂಬಿದ್ದ. ಮುಚ್ಚಿದಾಗ ಮೇಲಿನ ರಟ್ಟು ಸರಿಯಾಗಿ ಕೂರುತ್ತಲೇ ಇರಲಿಲ್ಲ. ರಿಂಗುಗಳು ದುಂಡಗಿನವು. ಅಷ್ಟು ಹಾಳೆ ತುಂಬಿ ಮುಚ್ಚಿದರೆ ಹಾಳೆಗಳು ದುಂಡು ರಿಂಗಿನ ಮೇಲೆ ಹತ್ತಿ ಜಾರುತ್ತವೆ, ಒಳಗಿನ ಸಾಲಿನ ಪಾಕೆಟ್ಟು ರಿಂಗಿನ ಕಂಬಿಯ ಮೇಲೇ ಬಂದು ಕೂರುತ್ತದೆ. ಮೇಲಿನಿಂದ ಉಳಿದ ಹಾಳೆಗಳ ಭಾರ. ವರ್ಷಗಟ್ಟಲೆ ಹಾಗೇ ಇದ್ದರೆ ಕಂಬಿಯ ಅಚ್ಚು ಕಾರ್ಡಿಗೆ ಬೀಳದೆ ಇನ್ನೇನಾಗುತ್ತದೆ?

"ಬ್ಲಾಸ್ಟಾಯ್ಸ್ ಎಲ್ಲಿತ್ತು?" ಅಂತ ಕೇಳಿದೆ. ಖಾಲಿ ಪಾಕೆಟ್ಟು ತೋರಿಸಿದ. ಒಳಗಿನ ಸಾಲು, ನಡುವಿನದು. ಅಂದರೆ ಕಾರ್ಡಿನ ಎಡ ಅಂಚು ರಿಂಗಿನ ಕಡೆಗೆ. ಕಂಬಿ ಬೈಂಡರಿನ ಬೆನ್ನಿಗೆ ಅಡ್ಡವಾಗಿ ಇರುವುದರಿಂದ ಅದರ ಗುರುತೂ ಅಡ್ಡಡ್ಡ ಬೀಳಬೇಕು. ಕಂಬಿಯ ದಪ್ಪ ಅಳೆದೆ, 3 ಮಿ.ಮೀ. ಇಲ್ಲಿಯವರೆಗೆ ಎಲ್ಲ ಕೂಡಿಬಂತು. ಆದರೂ ಒಂದು ಕಾರ್ಡಿನಿಂದ ತೀರ್ಮಾನಕ್ಕೆ ಬರಬಾರದು ಅಂತ ಅದೇ ಸಾಲಿನ ಮೇಲಿನ ಮತ್ತು ಕೆಳಗಿನ ಕಾರ್ಡುಗಳನ್ನೂ ತೆಗೆಯಲು ಹೇಳಿದೆ.

ತೆಗೆಯುವ ಮುಂಚೆಯೇ ಲೆಕ್ಕ ಹಾಕಿದೆವು. ಒಂದು ರಿಂಗಿನಿಂದ ಇನ್ನೊಂದಕ್ಕೆ 108 ಮಿ.ಮೀ. ಒಂದು ಪಾಕೆಟ್ಟಿನ ನಡುವಿನಿಂದ ಮುಂದಿನ ಪಾಕೆಟ್ಟಿನ ನಡುವಿಗೆ 92 ಮಿ.ಮೀ. ನಡುವಿನ ರಿಂಗು ನಡುವಿನ ಕಾರ್ಡಿನ ಸರಿ ಅರ್ಧಕ್ಕೆ ಬರುತ್ತದೆ. ಹಾಗಾದರೆ ಮೇಲಿನ ರಿಂಗು ಮೇಲಿನ ಕಾರ್ಡಿನ ಅರ್ಧಕ್ಕಿಂತ 16 ಮಿ.ಮೀ. ಮೇಲೆ ಬರಬೇಕು, ಕೆಳಗಿನ ರಿಂಗು ಕೆಳಗಿನ ಕಾರ್ಡಿನ ಅರ್ಧಕ್ಕಿಂತ 16 ಮಿ.ಮೀ. ಕೆಳಗೆ. ನೆಗ್ಗು ರಿಂಗಿನದ್ದೇ ಆಗಿದ್ದರೆ ಮೂರು ಕಾರ್ಡಿನಲ್ಲೂ ಗುರುತು ಮೂರು ಬೇರೆ ಎತ್ತರದಲ್ಲಿ ಇರಬೇಕು, ಅದೂ ಇದೇ ಲೆಕ್ಕದಲ್ಲಿ.

ಕೋಣೆಯ ದೀಪ ಆರಿಸಿದೆವು. ಮೇಜಿನ ದೀಪವನ್ನು ಎದುರಿಗಿಟ್ಟು ಮೇಲಿನ ಪಾಕೆಟ್ಟಿನ ಕಾರ್ಡನ್ನು ಅವನ ಕೈಗೇ ಕೊಟ್ಟೆ. ನಿಧಾನವಾಗಿ ಬಗ್ಗಿಸಿದ. ಎಡ ಅಂಚಿನಲ್ಲಿ, ಚಿತ್ರದ ಪಕ್ಕದಲ್ಲಿ ಅದೇ ಅಡ್ಡ ನೆರಳು. ಸ್ಕೇಲು ಇಟ್ಟರೆ ಅರ್ಧಕ್ಕಿಂತ 15 ಮಿ.ಮೀ. ಮೇಲೆ. ಕೆಳಗಿನ ಕಾರ್ಡಿನಲ್ಲಿ ಗುರುತು ಇನ್ನೂ ಸಣ್ಣದು, ಅಕ್ಷರಗಳ ನಡುವೆ, ಅರ್ಧಕ್ಕಿಂತ 16 ಮಿ.ಮೀ. ಕೆಳಗೆ. ಗೆಳೆಯ ಕಾರ್ಡನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಬೈಂಡರನ್ನೇ ನೋಡುತ್ತಾ ಕೂತ. "ಕಾಪಾಡ್ತಾ ಇದೀನಿ ಅಂದ್ಕೊಂಡಿದ್ದೆ ಕಣೋ" ಅಂದ. ನನಗೂ ಏನು ಹೇಳಬೇಕೋ ತೋಚಲಿಲ್ಲ.

ಆಮೇಲೆ ಅವನು ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ತುಂಬಾ ಜನ ಕೇಳುತ್ತಾರೆ. ತೇವ ಕೊಟ್ಟು, ಭಾರ ಹೇರಿ ನೆಗ್ಗನ್ನು ಮಟ್ಟ ಮಾಡಬಹುದಾ ಅಂತ. ಬೇಡ ಅಂದೆ. ಕಾರ್ಡು ಅಂದರೆ ಅಂಟಿಸಿದ ಕಾಗದದ ಪದರಗಳು, ಹೋಲೋ ಆದರೆ ಮೇಲೊಂದು ಫಾಯಿಲ್ ಪದರ. ತೇವ ಬಿದ್ದರೆ ಕಾಗದ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ. ಹೋಲೋ ಕಾರ್ಡು ಹವಾಮಾನಕ್ಕೆ ಬಾಗುವುದೂ ಇದರಿಂದಲೇ. ಒತ್ತಿಹೋದ ನಾರು ಪೂರ್ತಿ ಎದ್ದು ಬರುವುದಿಲ್ಲ, ಅದರ ಸುತ್ತಲಿನ ಹೊಳಪು ಕೆಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಹಾಗೆ ಮರೆಮಾಚಿದ ಕಾರ್ಡನ್ನು ಮುಂದೆ ಯಾರಾದರೂ ಕೊಂಡುಕೊಂಡರೆ ಅವರಿಗೆ ನಾವು ಸುಳ್ಳು ಹೇಳಿದ ಹಾಗೆ. ಗ್ರೇಡಿಂಗ್ ಕಂಪನಿಗಳು ಇದನ್ನು ಪತ್ತೆ ಮಾಡಿದರೆ ಅಂಕಿಯನ್ನೇ ಕೊಡುವುದಿಲ್ಲ. ಪಿಎಸ್‌ಎ ಹತ್ತಿರ ಕತ್ತರಿಸಿದ್ದಕ್ಕೆ, ಬಣ್ಣ ತುಂಬಿದ್ದಕ್ಕೆ, ಕಾಗದವನ್ನು ಮಾರ್ಪಡಿಸಿದ್ದಕ್ಕೆ ಬೇರೆ ಬೇರೆ ಕೋಡುಗಳೇ ಇವೆ. ಸದ್ಯಕ್ಕೆ ಇದು ಪ್ರಾಮಾಣಿಕವಾದ 5. ಅದನ್ನು ಅನುಮಾನದ ಕಾರ್ಡು ಮಾಡಿಕೊಳ್ಳುವುದು ಯಾಕೆ?

ಒಡೆದು ಮತ್ತೆ ಕಳಿಸುವ ಮಾತನ್ನು ಅವನೇ ಬಿಟ್ಟ. ಇನ್ನೊಬ್ಬರ ದೀಪವೂ ನನ್ನ ದೀಪದ ಹಾಗೆ ಎಡಕ್ಕೇ ಇರಲಿ ಅಂತ ಕಾಯುವುದು ಕಾರ್ಡು ಇಟ್ಟುಕೊಳ್ಳುವ ರೀತಿ ಅಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳುತ್ತೇನೆ. ಎದುರಿಗೆ ಹಿಡಿದು ನೋಡಿದರೆ ಈ 5, ಎಷ್ಟೋ 7ಕ್ಕಿಂತ ಚೆಂದ ಕಾಣುತ್ತದೆ. ಬಣ್ಣ ಮಾಸಿಲ್ಲ, ಮೂಲೆ ಚೂಪಾಗಿವೆ. ಗ್ರೇಡು ದೋಷವನ್ನು ಎಣಿಸುತ್ತದೆ, ಚೆಂದವನ್ನು ಅಳೆಯುವುದಿಲ್ಲ. ನೆಗ್ಗೊಂದನ್ನು ಬಿಟ್ಟು ಉಳಿದೆಲ್ಲ ಚೆನ್ನಾಗಿರುವ ಇಂಥ ಕಾರ್ಡನ್ನು ಮನಸಾರೆ ಇಷ್ಟಪಟ್ಟು ತಗೊಳ್ಳುವವರೂ ಇದ್ದಾರೆ, ನಾನೂ ಅವರಲ್ಲಿ ಒಬ್ಬ.

ಈಗ ನೋಡುವ ರೀತಿ

ನಾನು ಬದಲಾಯಿಸಿದ್ದು ಹೆಚ್ಚೇನಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ದೀಪವನ್ನು ನಾಲ್ಕೂ ದಿಕ್ಕಿಗೆ ಸರಿಸುತ್ತೇನೆ. ದೀಪ ತಗ್ಗಿನಲ್ಲಿ ಇರಬೇಕು, ಬೆಳಕು ಕಾರ್ಡಿನ ಮೇಲೆ ಸವರಿಕೊಂಡು ಹೋಗುವಷ್ಟು. ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೆಗ್ಗು ಸಿಗುವುದಿಲ್ಲ. ದೀಪ ಸರಿಸಲು ಆಗದಿದ್ದರೆ ಕಾರ್ಡನ್ನೇ ಕಾಲು ಸುತ್ತು ತಿರುಗಿಸಿದರೂ ಆಯಿತು. ಹೀಗೆ ಮುಂದೆ ನಾಲ್ಕು ಸಲ, ಹಿಂದೆ ನಾಲ್ಕು ಸಲ. ಪ್ರತಿ ಸಲವೂ ಒಂದು ಫೋಟೋ. ನಾಳೆ ದಾರಿಯಲ್ಲಿ ಏನಾದರೂ ಆದರೆ ಮೊದಲು ಹೇಗಿತ್ತು ಅಂತ ತೋರಿಸಲು ಅದು ಬೇಕು. ಹೋಲೋ ಚೌಕದ ಮೇಲೆ ಒಂದು ಕಾಗದದ ತುಂಡು ಮುಚ್ಚಿ ಉಳಿದ ಭಾಗವನ್ನು ಬೇರೆಯಾಗಿ ನೋಡುತ್ತೇನೆ. ಕಾಗದ ಕಾರ್ಡಿಗೆ ತಾಗಬಾರದು, ಕಾರ್ಡಿಗೆ ಹಾಕಿದ ತೆಳು ಪ್ಲಾಸ್ಟಿಕ್ ಸ್ಲೀವಿನ ಮೇಲೆ ಇಡಬೇಕು. ಕಾರ್ಡು ಎಲ್ಲಿ, ಯಾವ ಸಾಲಿನಲ್ಲಿ, ಯಾವುದರ ಕೆಳಗೆ ಇತ್ತು ಅಂತ ಕೇಳಿ ತಿಳಿದುಕೊಳ್ಳುತ್ತೇನೆ. "ಮುಟ್ಟಿಲ್ಲ" ಅನ್ನುವ ಮಾತಿಗಿಂತ ಈ ಉತ್ತರ ಉಪಯೋಗಕ್ಕೆ ಬರುತ್ತದೆ. ಕೊನೆಗೆ, ಅಂಕಿ ಬರೆಯುವ ಹೊತ್ತಿನಲ್ಲಿ ಮಾಲೀಕ ಪಕ್ಕದಲ್ಲಿ ಇರಬಾರದು ಅಂತ ಗೆಳೆಯನಿಗೂ ಹೇಳಿದ್ದೇನೆ, ಅವನು ಬೇಜಾರು ಮಾಡಿಕೊಂಡಿಲ್ಲ.

ಬೈಂಡರಿನ ಹಾಳೆಗಳನ್ನು ಅವತ್ತೇ ಬಿಚ್ಚಿದೆವು. ರಿಂಗೇ ಇಲ್ಲದ, ಪಕ್ಕದಿಂದ ಕಾರ್ಡು ಹಾಕುವ ಬೈಂಡರುಗಳಿಗೆ ಎಲ್ಲವನ್ನೂ ಬದಲಾಯಿಸಿದ. ಒಳಗಿನ ಸಾಲಿನ ಕಾರ್ಡುಗಳಲ್ಲಿ ಸುಮಾರಕ್ಕೆ ಒಂದೊಂದು ಅಡ್ಡ ಗುರುತು ಇತ್ತು, ಕೆಲವು ಬಹಳ ತೆಳು. ನಡುವಿನ ಮತ್ತು ಹೊರಗಿನ ಸಾಲಿನವು ಪಾರಾಗಿದ್ದವು.

ಹೊರಗಿನ ಸಾಲಿನಲ್ಲಿ ಅದೇ ಸೆಟ್ಟಿನ ಝ್ಯಾಪ್‌ಡೋಸ್ ಸಿಕ್ಕಿತು, 16ನೇ ನಂಬರು, ಅದೂ ಹೋಲೋ. ಅಳೆದೆ, 61/39. ದೀಪವನ್ನು ನಾಲ್ಕೂ ಕಡೆ ಇಟ್ಟು ನೋಡಿದೆ, ನೆಗ್ಗು ಇಲ್ಲ. ಹಿಂದಿನ ಮೇಲಿನ ಅಂಚಿನಲ್ಲಿ ಬಿಳಿ ಚುಕ್ಕೆಗಳು ಸಾಲಾಗಿ ಐದು. ಗೆಳೆಯ ಆಚೆ ಕೋಣೆಯಲ್ಲಿದ್ದ. ನೋಟ್‌ಬುಕ್ಕಿನಲ್ಲಿ 7 ಅಂತ ಬರೆದು, ದೀಪ ಆರಿಸಿ, ಅವನನ್ನು ಕರೆದೆ.

"ಕಳಿಸೋಣ್ವಾ?" ಅಂದ.

"ನಾಳೆ ಬೆಳಗ್ಗೆ ಕಿಟಕಿ ಬೆಳಕಲ್ಲಿ ಇನ್ನೊಂದು ಸಲ ನೋಡ್ತೀನಿ, ಇರು" ಅಂದೆ.